ಶೇಂಗಾ ನೂಡಲ್ಸ್ ಕೆಟ್ಟಿತಾ? ತಪ್ಪು ಎಲ್ಲಿದೆ ಅಂತ ಹೀಗೆ ಹುಡುಕಿ

ಬಟ್ಟಲಲ್ಲಿ ಶೇಂಗಾ ಪೇಸ್ಟ್ ಇದೆ. ಸೋಯಾ ಸಾಸ್ ಬಿದ್ದಿದೆ. ಸ್ವಲ್ಪ ಸಡಿಲ ಆಗಲಿ ಅಂತ ಒಂದು ಚಮಚ ನೀರು ಹಾಕಿ ಕದಡುತ್ತೀರಿ. ಸಡಿಲ ಆಗುವುದು ಬಿಟ್ಟು ಅದು ಗಟ್ಟಿಯಾಗುತ್ತದೆ, ಬಿಳಿಚಿಕೊಳ್ಳುತ್ತದೆ, ಚಮಚಕ್ಕೆ ಮೆತ್ತಿಕೊಂಡು ಬಟ್ಟಲನ್ನೇ ಜೊತೆಗೆ ಎತ್ತುತ್ತದೆ. ಕೆಟ್ಟೇ ಹೋಯಿತು ಅಂದುಕೊಂಡು ಇಲ್ಲಿಗೇ ಸಿಂಕಿಗೆ ಸುರಿಯುವವರು ತುಂಬಾ ಜನ. ನನ್ನ ತಂಗಿ ಸುರಿಯುವ ಮುಂಚೆ ಫೋನ್ ಮಾಡಿದಳು. "ಅಕ್ಕಾ, ಹಾಳಾಯ್ತು ಕಣೆ, ಗಾರೆ ಥರ ಆಗಿದೆ" ಅಂದಳು. "ಇನ್ನೂ ಎರಡು ಚಮಚ ಬಿಸಿ ನೀರು ಹಾಕು, ಫೋನ್ ಇಡಬೇಡ" ಅಂದೆ. ಒಂದು ನಿಮಿಷ ಚಮಚದ ಸದ್ದು ಮಾತ್ರ ಕೇಳಿಸಿತು. ಆಮೇಲೆ "ಅಯ್ಯೋ, ಬಂತು" ಅಂದಳು.

ಈ ತಿಂಡಿಯಲ್ಲಿ ಆಗುವ ತಪ್ಪುಗಳಲ್ಲಿ ಮುಕ್ಕಾಲು ಪಾಲು ಹೀಗೇ, ನೋಡಲು ಕೆಟ್ಟ ಹಾಗೆ ಕಂಡರೂ ಒಲೆಯ ಪಕ್ಕದಲ್ಲೇ ಸರಿಹೋಗುತ್ತವೆ. ನಿಜವಾಗಿ ಎಸೆಯಬೇಕಾದದ್ದು ಕೆಲವೇ. ಯಾವುದು ಯಾವುದು ಅಂತ ಗೊತ್ತಿರಬೇಕು ಅಷ್ಟೇ.

ಸರಿಯಾದದ್ದು ಹೇಗಿರುತ್ತದೆ

ಚೀನಾದಲ್ಲಿ ಇದಕ್ಕೆ ಒಂದೇ ರೂಪ ಇಲ್ಲ. ಫುಜಿಯಾನ್ ಪ್ರಾಂತ್ಯದ ಶಾ ಶಿಯಾನ್ ಕಡೆಯ ಕಲಸಿದ ನೂಡಲ್ಸ್‌ಗೆ ಶೇಂಗಾ ಪೇಸ್ಟೇ ಆಧಾರ. ವೂಹಾನ್‌ನ ರೆ ಗಾನ್ ಮಿಯಾನ್‌ಗೆ ಹುರಿದ ಎಳ್ಳಿನ ಪೇಸ್ಟ್. ಸಿಚುವಾನ್‌ನ ದಾನ್ ದಾನ್ ಮಿಯಾನ್‌ಗೆ ಖಾರದೆಣ್ಣೆ, ನಾಲಿಗೆ ಜುಮ್ ಅನ್ನಿಸುವ ಸಿಚುವಾನ್ ಮೆಣಸು, ಮೇಲೆ ಕುಟ್ಟಿದ ಶೇಂಗಾ. ಹೆಗಲ ಮೇಲೆ ಅಡ್ಡೆ ಹೊತ್ತು, ಎರಡೂ ಕಡೆ ಸಾಮಾನು ತೂಗುಹಾಕಿಕೊಂಡು ಬೀದಿಯಲ್ಲಿ ಮಾರುತ್ತಿದ್ದರಲ್ಲ, ಆ ಅಡ್ಡೆಯಿಂದಲೇ ದಾನ್ ದಾನ್ ಅನ್ನುವ ಹೆಸರು ಬಂತು. ಮನೆಯಲ್ಲಿ ನಾವು ಮಾಡುವ ಖಾರದ ಶೇಂಗಾ ನೂಡಲ್ಸ್ ಇವೆಲ್ಲದರ ಹತ್ತಿರದ ನೆಂಟ. ನಮ್ಮ ಬೀದಿ ಗಾಡಿಯಲ್ಲಿ ದೊಡ್ಡ ಉರಿಯ ಮೇಲೆ ಎಲೆಕೋಸು ಹಾಕಿ ಹುರಿಯುವ ನೂಡಲ್ಸ್ ಬೇರೆ, ಇದು ಬೇರೆ. ಇದರಲ್ಲಿ ಹುರಿಯುವ ಕೆಲಸವೇ ಇಲ್ಲ. ಬಟ್ಟಲಲ್ಲಿ ಸಾಸ್, ಮೇಲೆ ಬಿಸಿ ನೂಡಲ್ಸ್, ಕಲಸುವುದು, ತಿನ್ನುವುದು.

ಇಬ್ಬರಿಗೆ ನನ್ನ ಅಳತೆ ಇದು. ಒಣ ಗೋಧಿ ನೂಡಲ್ಸ್ 180 ಗ್ರಾಂ. ಶೇಂಗಾ ಪೇಸ್ಟ್ 3 ದೊಡ್ಡ ಚಮಚ, ಲೈಟ್ ಸೋಯಾ ಸಾಸ್ ಒಂದೂವರೆ ದೊಡ್ಡ ಚಮಚ, ವಿನೆಗರ್ 2 ಸಣ್ಣ ಚಮಚ, ಸಕ್ಕರೆ 1 ಸಣ್ಣ ಚಮಚ, ಜಜ್ಜಿದ ಬೆಳ್ಳುಳ್ಳಿ 2 ಎಸಳು, ಚರಟದ ಸಮೇತ ಖಾರದೆಣ್ಣೆ 1 ರಿಂದ 2 ದೊಡ್ಡ ಚಮಚ, ಸಿಚುವಾನ್ ಮೆಣಸಿನ ಪುಡಿ ಕಾಲು ಸಣ್ಣ ಚಮಚ. ಸಡಿಲ ಮಾಡಲು ನೂಡಲ್ಸ್ ಬೇಯಿಸಿದ ನೀರು 4 ರಿಂದ 6 ದೊಡ್ಡ ಚಮಚ. ಕಲಸಿದ ಮೇಲೆ ಸಾಸ್ ಪ್ರತಿ ಎಳೆಗೂ ಹತ್ತಿಕೊಂಡಿರಬೇಕು, ಬಟ್ಟಲ ತಳದಲ್ಲಿ ಒಂದು ಚಮಚದಷ್ಟು ಮಾತ್ರ ಉಳಿದಿರಬೇಕು.

ಏನೇ ಕೆಟ್ಟರೂ ಮೊದಲ ಪರೀಕ್ಷೆ ಇದು

ಖರ್ಚಿಲ್ಲದ ಪರೀಕ್ಷೆ, ಒಂದು ನಿಮಿಷದ ಕೆಲಸ. ಇದರಲ್ಲಿ ಮೂರೇ ಭಾಗ ಇರುವುದು: ಸಾಸ್, ನೂಡಲ್ಸ್, ಖಾರದೆಣ್ಣೆ. ಮೂರನ್ನೂ ಬೇರೆ ಬೇರೆಯಾಗಿ ನಾಲಿಗೆಗೆ ಹಚ್ಚಿ ನೋಡಿ. ಖಾರದೆಣ್ಣೆಯನ್ನು ಅರ್ಧ ಹನಿ ಸಾಕು. ಕಹಿ ಎಣ್ಣೆಯಲ್ಲಿದ್ದರೆ ಸಾಸ್‌ಗೆ ಸಕ್ಕರೆ ಹಾಕುತ್ತಾ ಕೂತರೆ ಏನೂ ಆಗುವುದಿಲ್ಲ. ಹಿಟ್ಟಿನ ವಾಸನೆ ನೂಡಲ್ಸ್‌ನಲ್ಲಿದ್ದರೆ ಸೋಯಾ ಸಾಸ್ ಜಾಸ್ತಿ ಮಾಡಿ ಪ್ರಯೋಜನ ಇಲ್ಲ. ಕಲಸುವ ಮುಂಚೆಯೇ ಈ ಮೂರು ರುಚಿ ನೋಡುವ ಅಭ್ಯಾಸ ಮಾಡಿಕೊಂಡರೆ ಇನ್ನೂ ಒಳ್ಳೆಯದು, ಯಾಕೆಂದರೆ ಒಮ್ಮೆ ಕಲಸಿದ ಮೇಲೆ ಯಾವುದರ ತಪ್ಪು ಅಂತ ಬಿಡಿಸುವುದು ಕಷ್ಟ.

ಇನ್ನೊಂದು ಮಾತು. ನೂಡಲ್ಸ್ ಬಸಿಯುವಾಗ ಆ ನೀರನ್ನು ಪೂರ್ತಿ ಚೆಲ್ಲಬೇಡಿ. ಒಂದು ಲೋಟ ತೆಗೆದಿಡಿ. ಅನ್ನದ ಗಂಜಿಯ ಹಾಗೆ ಅದರಲ್ಲಿ ಪಿಷ್ಟ ಇರುತ್ತದೆ. ಕೆಳಗೆ ಹೇಳುವ ರಿಪೇರಿಗಳಲ್ಲಿ ಅರ್ಧ ಕೆಲಸ ಆ ಲೋಟದ್ದೇ.

ಸಾಸ್ ಗಾರೆಯ ಹಾಗೆ ಗಟ್ಟಿಯಾಗಿದೆ

ತಂಗಿಗೆ ಆದದ್ದು ಇದೇ. ಶೇಂಗಾ ಪೇಸ್ಟ್ ಅಂದರೆ ಎಣ್ಣೆಯಲ್ಲಿ ತೇಲುವ ಸಣ್ಣ ಸಣ್ಣ ಶೇಂಗಾ ಪುಡಿ. ಅದಕ್ಕೆ ಸ್ವಲ್ಪವೇ ನೀರು ಬಿದ್ದರೆ ಆ ಪುಡಿ ನೀರನ್ನು ಹೀರಿ ಒಂದಕ್ಕೊಂದು ಅಂಟಿಕೊಳ್ಳುತ್ತದೆ. ಸೋಯಾ ಸಾಸ್, ವಿನೆಗರ್ ಕೂಡ ನೀರೇ ಅಲ್ವಾ, ಅವು ಬಿದ್ದರೂ ಹೀಗೇ ಆಗುತ್ತದೆ. ನೀರು ಜಾಸ್ತಿಯಾಗಿ ಹೀಗಾಯಿತು ಅಂತ ಅನ್ನಿಸುತ್ತದೆ, ಆದರೆ ಆಗಿರುವುದು ನೀರು ಸಾಲದೆ.

ಬಿಸಿ ನೀರನ್ನು ಒಂದೊಂದೇ ಚಮಚ ಹಾಕಿ, ಪ್ರತಿ ಸಲವೂ ಪೂರ್ತಿ ಕದಡಿ. ಮೊದಲನೆಯ ಚಮಚಕ್ಕೆ ಇನ್ನೂ ಗಟ್ಟಿಯಾಗುತ್ತದೆ. ಎರಡನೆಯದಕ್ಕೆ ಗಂಟು ಒಡೆದು ತರಿತರಿ ಕಾಣುತ್ತದೆ. ಮೂರು ಅಥವಾ ನಾಲ್ಕನೆಯದಕ್ಕೆ ಇದ್ದಕ್ಕಿದ್ದ ಹಾಗೆ ನುಣ್ಣಗೆ, ಹೊಳೆಯುವ ಹಾಗೆ ತಿರುಗುತ್ತದೆ. ಆ ಗಳಿಗೆ ಕಣ್ಣಿಗೆ ಚೆನ್ನಾಗಿ ಗೊತ್ತಾಗುತ್ತದೆ: ಚಮಚದ ಹಿಂದೆ ಬೀಳುವ ಗೆರೆ ನಿಧಾನಕ್ಕೆ ಮುಚ್ಚಿಕೊಳ್ಳಲು ಶುರುವಾಗುತ್ತದೆ. ಇಡ್ಲಿ ಹಿಟ್ಟಿಗಿಂತ ಸ್ವಲ್ಪ ತೆಳು, ಅಲ್ಲಿಗೆ ನಿಲ್ಲಿಸಿ. ತಣ್ಣೀರು ಹಾಕಿದರೂ ಬರುತ್ತದೆ, ಆದರೆ ಕೈ ನೋಯುವಷ್ಟು ಕದಡಬೇಕು.

ಆರು ಚಮಚ ಹಾಕಿದ ಮೇಲೂ ಗಂಟು ಹಾಗೇ ಇದ್ದರೆ ಪೇಸ್ಟ್ ಫ್ರಿಜ್‌ನಿಂದ ತೆಗೆದದ್ದು ಇರಬೇಕು, ಇಲ್ಲ ಅಂಗಡಿ ಡಬ್ಬಿಯ ತಳದಲ್ಲಿ ಒಣಗಿ ಕೂತದ್ದು. ಬಟ್ಟಲನ್ನು ಬಿಸಿ ನೀರಿನ ಪಾತ್ರೆಯಲ್ಲಿ ಎರಡು ನಿಮಿಷ ಇಟ್ಟು ಮತ್ತೆ ಕದಡಿ. ಆಗಲೂ ಬರದಿದ್ದರೆ ಮಿಕ್ಸಿ. ಒಂದು ಎಚ್ಚರ ಮಾತ್ರ ಬೇಕು: ಕುದಿಯುವ ಹಾಗೆ ಬಿಸಿ ಇರುವುದನ್ನು ಮಿಕ್ಸಿ ಜಾರ್‌ಗೆ ಹಾಕಿ ಬಿಗಿಯಾಗಿ ಮುಚ್ಚಬೇಡಿ, ಹಬೆಗೆ ಮುಚ್ಚಳ ಹಾರಿ ಮುಖಕ್ಕೆ ಎರಚುತ್ತದೆ.

ಸಾಸ್ ಎಣ್ಣೆ ಬಿಟ್ಟುಕೊಂಡಿದೆ

ಮೇಲೆ ಎಣ್ಣೆ, ಕೆಳಗೆ ತರಿ. ಸಾಸನ್ನು ಒಲೆಯ ಮೇಲಿಟ್ಟು ಕುದಿಸಿದ್ದೀರಾ? ಹೆಚ್ಚಾಗಿ ಅದೇ ಕಾರಣ. ಇದನ್ನು ಕುದಿಸುವ ಅಗತ್ಯವೇ ಇಲ್ಲ, ನೂಡಲ್ಸ್‌ನ ಬಿಸಿಯೇ ಸಾಕು. ಕುದಿಸಿಲ್ಲ ಅಂದರೆ ಖಾರದೆಣ್ಣೆ ಜಾಸ್ತಿ ಬಿದ್ದಿದೆ, ಇಲ್ಲ ಡಬ್ಬಿಯ ಮೇಲೆ ನಿಂತ ಎಣ್ಣೆಯನ್ನು ಕಲಸದೆ ಹಾಗೇ ಸುರಿದಿದ್ದೀರಿ.

ಒಂದೆರಡು ಚಮಚ ನೂಡಲ್ಸ್ ನೀರು ಹಾಕಿ ಜೋರಾಗಿ ಕದಡಿ, ಸೇರಿಕೊಳ್ಳುತ್ತದೆ. ಸೇರದಿದ್ದರೆ ಬೇರೆ ಬಟ್ಟಲಲ್ಲಿ ಒಂದು ಚಮಚ ಹೊಸ ಪೇಸ್ಟ್ ತೆಗೆದುಕೊಂಡು ಬಿಸಿ ನೀರಿನಲ್ಲಿ ನುಣ್ಣಗೆ ಮಾಡಿ. ಅದಕ್ಕೆ ಒಡೆದ ಸಾಸನ್ನು ಸ್ವಲ್ಪ ಸ್ವಲ್ಪವೇ ಸೇರಿಸುತ್ತಾ ಬನ್ನಿ. ಮೇಲೆ ಕೆಂಪೆಣ್ಣೆ ಸ್ವಲ್ಪ ತೇಲುವುದು ದೋಷ ಅಲ್ಲ, ಅದು ಇರಬೇಕಾದದ್ದೇ.

ಸಾಸ್ ನೂಡಲ್ಸ್‌ಗೆ ಹಿಡಿಯದೆ ತಳಕ್ಕೆ ಇಳಿಯುತ್ತಿದೆ

ಮೊದಲು ನೂಡಲ್ಸ್ ಮುಟ್ಟಿ ನೋಡಿ. ಬೆರಳಿಗೆ ಎಣ್ಣೆ ಹತ್ತುತ್ತದಾ? ಬಸಿದ ತಕ್ಷಣ ಎಣ್ಣೆ ಸವರುವುದು ನಮ್ಮಲ್ಲಿ ರೂಢಿ. ಹುರಿಯುವ ನೂಡಲ್ಸ್‌ಗೆ ಅದು ಸರಿ. ಇಲ್ಲಿ ಎಣ್ಣೆ ಬಳಿದ ಎಳೆಯ ಮೇಲೆ ನೀರಿನ ಸಾಸ್ ಜಾರಿ ಹೋಗುತ್ತದೆ. ಎಣ್ಣೆ ಇಲ್ಲ, ನೀರು ತೊಟ್ಟಿಕ್ಕುತ್ತಿದೆ ಅಂದರೆ ಸರಿಯಾಗಿ ಬಸಿದಿಲ್ಲ. ಜರಡಿಯಲ್ಲಿ ಇನ್ನೊಂದು ಸಲ ಜಾಡಿಸಿ. ಎರಡೂ ಅಲ್ಲ ಅಂದರೆ ಸಾಸೇ ನೀರಾಗಿದೆ, ಅರ್ಧ ಚಮಚ ಪೇಸ್ಟ್ ಸೇರಿಸಿ.

ನೂಡಲ್ಸ್ ಮುದ್ದೆಯಾಗಿ ಅಂಟಿಕೊಂಡಿದೆ

ಬೇಯುವಾಗ ಮೊದಲ ಒಂದು ನಿಮಿಷದಲ್ಲೇ ಅಂಟುವುದು. ಮೇಲಿನ ಹಿಟ್ಟು ಬಿಸಿ ನೀರಿಗೆ ಅಂಟಾಗುತ್ತದೆ, ಆಗ ಬಿಡಿಸದೆ ಇದ್ದರೆ ಹಾಗೇ ಕೂತುಬಿಡುತ್ತದೆ. ನೀರು ಕಮ್ಮಿ ಇದ್ದರಂತೂ ಖಂಡಿತ. 180 ಗ್ರಾಂ ನೂಡಲ್ಸ್‌ಗೆ ಎರಡು ಲೀಟರ್ ನೀರು ಬೇಕು, ಕೊತಕೊತ ಕುದಿಯುತ್ತಿರಬೇಕು, ಹಾಕಿದ ತಕ್ಷಣ ಉದ್ದ ಕಡ್ಡಿಯಿಂದಲೋ ಮುಳ್ಳು ಚಮಚದಿಂದಲೋ ಬಿಡಿಸಬೇಕು.

ಈಗಾಗಲೇ ಅಂಟಿದ್ದರೆ ಜರಡಿಗೆ ಹಾಕಿ ತಣ್ಣೀರು ಬಿಡುತ್ತಾ ಬೆರಳಲ್ಲಿ ಬಿಡಿಸಿ. ಬಿಸಿಯಾಗಿ ಬೇಕಾದರೆ ಆಮೇಲೆ ಕುದಿಯುವ ನೀರಲ್ಲಿ ಹತ್ತು ಸೆಕೆಂಡ್ ಮುಳುಗಿಸಿ ತೆಗೆಯಿರಿ. ಬಸಿದಿಟ್ಟು ಆಮೇಲೆ ಸಾಸ್ ಮಾಡಲು ಹೋದದ್ದರಿಂದಲೂ ಹೀಗಾಗುತ್ತದೆ. ಸಾಸ್ ಮೊದಲು ತಯಾರಿರಲಿ, ನೂಡಲ್ಸ್ ಅದಕ್ಕೆ ಕಾಯಬಾರದು.

ಅಂಟಿಲ್ಲ, ಆದರೆ ಮೆತ್ತಗೆ ಪಾಯಸದ ಶಾವಿಗೆಯ ಹಾಗೆ ಆಗಿದೆ ಅಂದರೆ ಜಾಸ್ತಿ ಬೆಂದಿದೆ. ಅದಕ್ಕೆ ರಿಪೇರಿ ಇಲ್ಲ. ತಣ್ಣೀರಲ್ಲಿ ತೊಳೆದು, ಸೌತೆಕಾಯಿ ಸೀಳು ಹಾಕಿ ತಣ್ಣಗಿನ ನೂಡಲ್ಸ್ ಮಾಡಿ, ಅಷ್ಟು ಗೊತ್ತಾಗುವುದಿಲ್ಲ. ಮುಂದಿನ ಸಲ ಪ್ಯಾಕೆಟ್ ಮೇಲಿರುವ ಸಮಯಕ್ಕಿಂತ ಒಂದು ನಿಮಿಷ ಮೊದಲೇ ಒಂದು ಎಳೆ ಕಚ್ಚಿ ನೋಡಿ. ನಡುವೆ ಕೂದಲೆಳೆಯಷ್ಟು ಗಟ್ಟಿ ಇರುವಾಗಲೇ ಇಳಿಸಿ.

ಚೀನಾದ ಎಷ್ಟೋ ನೂಡಲ್ಸ್ ಹಿಟ್ಟಿಗೆ ಕ್ಷಾರ ಹಾಕಿರುತ್ತಾರೆ. ಅದರಿಂದಲೇ ಆ ಹಳದಿ ಬಣ್ಣ, ಕಚ್ಚಿದರೆ ಪುಟಿಯುವ ಗುಣ. ನಮ್ಮಲ್ಲಿ ಅಂಥದ್ದು ಸಿಗದಿದ್ದರೆ ತೆಳು ಸ್ಪಗೆಟ್ಟಿಯನ್ನು ಲೀಟರಿಗೆ ಒಂದು ಸಣ್ಣ ಚಮಚ ಅಡುಗೆ ಸೋಡಾ ಹಾಕಿದ ನೀರಲ್ಲಿ ಬೇಯಿಸಿ. ನಾನು ಹೆಚ್ಚಾಗಿ ಹೀಗೇ ಮಾಡುವುದು. ದೊಡ್ಡ ಪಾತ್ರೆ ಇಡಿ, ನೊರೆ ಉಕ್ಕಿ ಒಲೆ ಆರಿದರೆ ಗ್ಯಾಸ್ ಸೋರುತ್ತದೆ. ಈ ಸೋಡಾ ನೀರನ್ನು ಸಾಸ್‌ಗೆ ಹಾಕಬೇಡಿ, ಸೋಪಿನ ರುಚಿ ಬರುತ್ತದೆ. ಬಸಿದ ಮೇಲೆ ನೂಡಲ್ಸನ್ನೂ ಒಮ್ಮೆ ತೊಳೆಯಿರಿ. ಸಾಸ್‌ಗೆ ಬರೀ ಬಿಸಿ ನೀರು ಸಾಕು.

ಕಲಸಿದಾಗ ಚೆನ್ನಾಗಿತ್ತು, ಐದು ನಿಮಿಷಕ್ಕೆ ಒಣಗಿತು

ನೂಡಲ್ಸ್ ನೀರು ಎಳೆಯುತ್ತಲೇ ಇರುತ್ತದೆ, ಸಾಸ್ ಆರಿದಂತೆ ಗಟ್ಟಿಯಾಗುತ್ತದೆ. ಎರಡೂ ಸೇರಿ ಹೀಗಾಗುತ್ತದೆ. ಎರಡು ಚಮಚ ಬಿಸಿ ನೂಡಲ್ಸ್ ನೀರು ಹಾಕಿ ಕಲಸಿದರೆ ಮತ್ತೆ ಬಿಡಿಯಾಗುತ್ತದೆ. ಕಲಸುವಾಗಲೇ ಸಾಸ್ ನಿಮಗೆ ಬೇಕಾದ್ದಕ್ಕಿಂತ ಒಂದು ಹದ ತೆಳು ಇರಲಿ.

ಎಲ್ಲಾ ಹಾಕಿದೆ, ಆದರೂ ಚಪ್ಪೆ

ಇನ್ನಷ್ಟು ಶೇಂಗಾ ಪೇಸ್ಟ್ ಹಾಕಬೇಕು ಅನ್ನಿಸುತ್ತದೆ. ಹಾಕಬೇಡಿ. ಶೇಂಗಾ ಜಿಡ್ಡು, ಅದು ನಾಲಿಗೆಯ ಮೇಲೆ ಕೂತು ಉಳಿದ ರುಚಿಗಳನ್ನು ಮುಚ್ಚುತ್ತದೆ. ಒಂದು ಚಮಚ ಸಾಸ್ ತೆಗೆದುಕೊಂಡು ಅದಕ್ಕೆ ಎರಡು ಹನಿ ವಿನೆಗರ್ ಹಾಕಿ ರುಚಿ ನೋಡಿ. ಬಾಯಲ್ಲಿ ನೀರು ಬಂದರೆ ಕಮ್ಮಿಯಿದ್ದದ್ದು ಹುಳಿ. ಆಗದಿದ್ದರೆ ಇನ್ನೊಂದು ಚಮಚಕ್ಕೆ ಎರಡು ಹನಿ ಸೋಯಾ. ನೂಡಲ್ಸ್ ನೀರಿಗೆ ಉಪ್ಪು ಹಾಕಿರುವುದಿಲ್ಲವಾದ್ದರಿಂದ ಸಾಸ್ ಒಂದೇ ತಿಂದಾಗ ಸ್ವಲ್ಪ ಉಪ್ಪು ಮುಂದೆ ಇರಬೇಕು, ಆಗಲೇ ಕಲಸಿದ ಮೇಲೆ ಸರಿಯಾಗುವುದು.

ಹುಳಿಗೆ ಹುಣಸೆ ಹಾಕಬಹುದಾ ಅಂತ ತುಂಬಾ ಜನ ಕೇಳುತ್ತಾರೆ. ಹಾಕಿದರೆ ಕೆಡುವುದೇನೂ ಇಲ್ಲ, ಆದರೆ ಶೇಂಗಾ, ಬೆಳ್ಳುಳ್ಳಿ, ಮೆಣಸಿನಕಾಯಿ, ಹುಣಸೆ ಸೇರಿದರೆ ನಾಲಿಗೆ ಅದನ್ನು ಶೇಂಗಾ ಚಟ್ನಿ ಅಂತಲೇ ಗುರುತು ಹಿಡಿಯುತ್ತದೆ. ಚೀನಾದ ಜೆನ್‌ಜಿಯಾಂಗ್ ಊರಿನ ಕಪ್ಪು ವಿನೆಗರ್ ಅಂಟಕ್ಕಿಯಿಂದ ಮಾಡಿದ್ದು, ಹುಳಿಯ ಜೊತೆ ಒಂದು ಮಾಗಿದ ಘಮ ಇರುತ್ತದೆ. ಅದು ಸಿಗದಿದ್ದರೆ ಅಕ್ಕಿ ವಿನೆಗರ್‌ಗೆ ಚಿಟಿಕೆ ಬೆಲ್ಲ. ಬಿಳಿ ವಿನೆಗರ್ ಮಾತ್ರ ಇದ್ದರೆ ಅಳತೆ ಅರ್ಧ ಮಾಡಿ, ಅದು ಮೂಗಿಗೆ ಹೊಡೆಯುತ್ತದೆ.

ಎಣ್ಣೆ ಯಾವುದು ಹಾಕಿದ್ದೀರಿ ಅಂತಲೂ ನೋಡಿ. ಚೀನೀ ಅಡುಗೆಯಲ್ಲಿ ಎಳ್ಳೆಣ್ಣೆ ಅಂದರೆ ಎಳ್ಳನ್ನು ಕೆಂಪಗೆ ಹುರಿದು ತೆಗೆದದ್ದು. ಬಣ್ಣ ಜೇನಿನ ಹಾಗೆ, ಅರ್ಧ ಚಮಚಕ್ಕೆ ಮನೆಯೆಲ್ಲಾ ಘಮ. ನಮ್ಮ ಒಳ್ಳೆಣ್ಣೆ ಹುರಿಯದ ಎಳ್ಳಿನದು, ಅದನ್ನು ಎಷ್ಟು ಹಾಕಿದರೂ ಆ ಘಮ ಬರುವುದಿಲ್ಲ. ಬದಲಿಗೆ ಒಂದು ಚಮಚ ಎಳ್ಳನ್ನು ಹೊಂಬಣ್ಣಕ್ಕೆ ಹುರಿದು ಕುಟ್ಟಾಣಿಯಲ್ಲಿ ಕುಟ್ಟಿ ಹಾಕಿ.

ಸಿಹಿ ಜಾಸ್ತಿ, ಉಪ್ಪು ಜಾಸ್ತಿ, ಖಾರ ಜಾಸ್ತಿ

ಸಿಹಿಯಾಗಿದ್ದರೆ ಪೀನಟ್ ಬಟರ್ ಡಬ್ಬಿಯ ಹಿಂದೆ ಓದಿ. ಸಕ್ಕರೆ ಹಾಕಿರುವ ಬಗೆಯೇ ಅಂಗಡಿಯಲ್ಲಿ ಜಾಸ್ತಿ. ಶೇಂಗಾ ಬಿಟ್ಟು ಬೇರೇನೂ ಇಲ್ಲದ ಡಬ್ಬಿ ತನ್ನಿ, ಇಲ್ಲ ಅಳತೆಯಲ್ಲಿ ಹೇಳಿದ ಸಕ್ಕರೆ ಬಿಡಿ.

ಉಪ್ಪಾಗಿದ್ದರೆ ಪೇಸ್ಟ್ ಅರ್ಧ ಚಮಚ, ನೀರು, ಸೌತೆಕಾಯಿ, ಮೊಳಕೆ ಕಾಳು. ಒಂದು ದೊಡ್ಡ ಚಮಚ ಸೋಯಾ ಸಾಸ್‌ನಲ್ಲಿ ಸುಮಾರು 900 ಮಿಲಿಗ್ರಾಂ ಸೋಡಿಯಂ ಇರುತ್ತದೆ, ಬಿಪಿ ಇರುವವರ ಬಟ್ಟಲಿಗೆ ಬೇರೆಯಾಗಿಯೇ ಕಲಸಿ. ಸಾಸ್ ಕರ್ರಗೆ ಕಾಣುತ್ತಿದ್ದರೆ ಡಾರ್ಕ್ ಸೋಯಾ ಹಾಕಿದ್ದೀರಿ. ಅದು ಬಣ್ಣಕ್ಕೆ ಅಂತ ಇರುವುದು, ಕಾಲು ಚಮಚ ಸಾಕು.

ಖಾರ ಜಾಸ್ತಿಯಾದರೆ ನೀರು ಹಾಕಿ ಉಪಯೋಗ ಇಲ್ಲ. ಖಾರದ ಕ್ಯಾಪ್ಸೈಸಿನ್ ನೀರಲ್ಲಿ ಕರಗುವುದಿಲ್ಲ, ಜಿಡ್ಡಿನಲ್ಲಿ ಕರಗುತ್ತದೆ. ಶೇಂಗಾ ಪೇಸ್ಟ್ ಮತ್ತು ಚೂರು ಸಕ್ಕರೆ ಸೇರಿಸಿ. ಖಾರ ತಾಳಲಾರದವರಿಗೆ ಹಾಲು ಅಥವಾ ಮೊಸರು ಕೊಡಿ.

ಕಹಿ ಬರುತ್ತಿದೆ

ಇಲ್ಲಿ ಸ್ವಲ್ಪ ನಿಧಾನವಾಗಿ ಹುಡುಕಬೇಕು. ಕಹಿ ನಾಲ್ಕು ಕಡೆಯಿಂದ ಬರಬಹುದು, ಮತ್ತು ನಾಲ್ಕನೆಯದು ಆರೋಗ್ಯದ ವಿಷಯ.

ಮೊದಲು ಖಾರದೆಣ್ಣೆ. ಚರಟ ಕಂದು ಕೆಂಪಗಿದ್ದರೆ ಸರಿ, ಕಪ್ಪಾಗಿದ್ದರೆ ಸೀದಿದೆ. ಆಮೇಲೆ ಬೆಳ್ಳುಳ್ಳಿ. ಎಣ್ಣೆಯಲ್ಲಿ ಹುರಿದ ಬೆಳ್ಳುಳ್ಳಿ ಹೊಂಬಣ್ಣ ದಾಟಿ ಕಂದಾದರೆ ಕಹಿ, ಮತ್ತು ಒಲೆಯಿಂದ ಇಳಿಸಿದ ಮೇಲೂ ಬಿಸಿ ಎಣ್ಣೆಯಲ್ಲಿ ಅದು ಬೇಯುತ್ತಲೇ ಇರುತ್ತದೆ. ಹಾಗಾಗಿ ತಿಳಿ ಹಳದಿ ಇರುವಾಗಲೇ ತೆಗೆಯಬೇಕು. ಸೀದ ಎಣ್ಣೆಗೆ ಸಕ್ಕರೆ, ನಿಂಬೆ ಏನು ಹಾಕಿದರೂ ಕಹಿ ಹೋಗುವುದಿಲ್ಲ. ಚೆಲ್ಲಿ ಹೊಸದು ಮಾಡಿ, ಹತ್ತು ನಿಮಿಷದ ಕೆಲಸ.

ಮೂರನೆಯದು ಶೇಂಗಾದ ಸಿಪ್ಪೆ. ಇದು ಕಹಿಗಿಂತ ಒಗರು. ಹುರಿದು ಆರಿಸಿ, ಅಂಗೈಯಲ್ಲಿ ಉಜ್ಜಿ, ಮೊರದಲ್ಲಿ ಕೇರಿ ಸಿಪ್ಪೆ ಹಾರಿಸಿ. ಹುರಿಯುವಾಗ ದೊಡ್ಡ ಉರಿ ಇಟ್ಟಿದ್ದರೆ ಹೊರಗೆ ಚುಕ್ಕೆ ಚುಕ್ಕೆ ಕಪ್ಪು, ಒಳಗೆ ಹಸಿ. ಒಂದು ಬೀಜ ಎರಡು ಹೋಳು ಮಾಡಿ ನೋಡಿ, ಒಳಗೂ ತಿಳಿ ಕಂದು ಇರಬೇಕು. ಸಣ್ಣ ಉರಿಯಲ್ಲಿ 12 ರಿಂದ 15 ನಿಮಿಷ, ಕೈ ಬಿಡದೆ.

ಈ ಮೂರೂ ಅಲ್ಲ, ಬೀಜವೇ ಕಹಿ ಅಂದರೆ ಕೆಳಗಿನ ಕಮಟು ವಾಸನೆಯ ಭಾಗಕ್ಕೆ ಹೋಗಿ. ಅಲ್ಲಿಯವರೆಗೆ ಯಾರಿಗೂ ಬಡಿಸಬೇಡಿ.

ಖಾರದೆಣ್ಣೆಯಲ್ಲಿ ಕೆಂಪಿಲ್ಲ, ಘಮ ಇಲ್ಲ

ಮೆಣಸಿನಕಾಯಿ ಯಾವುದು ಅನ್ನುವುದರ ಮೇಲೆ ಹೋಗುತ್ತದೆ. ಗುಂಟೂರು ಒಂದನ್ನೇ ಹಾಕಿದರೆ ಖಾರ ಇರುತ್ತದೆ, ಬಣ್ಣ ಸಪ್ಪೆ. ಸಿಚುವಾನ್‌ನಲ್ಲಿ ಖಾರದೆಣ್ಣೆಗೆ ಅರ್‌ಜಿಂಗ್‌ಟಿಯಾವೊ ಅನ್ನುವ ಉದ್ದನೆಯ ಮೆಣಸಿನಕಾಯಿ ಹಾಕುತ್ತಾರೆ: ಘಮ ಮತ್ತು ಬಣ್ಣ ಜಾಸ್ತಿ, ಖಾರ ಹದ. ನಮ್ಮ ಹಾವೇರಿ ಜಿಲ್ಲೆಯ ಬ್ಯಾಡಗಿ ಮೆಣಸಿನಕಾಯಿ ಈ ಕೆಲಸಕ್ಕೆ ತಕ್ಕದ್ದು. 2011ರಲ್ಲಿ ಭೌಗೋಳಿಕ ಸೂಚಕ ಪಡೆದ ಈ ಕಾಯಿಗೆ ಹೆಸರು ಬಂದಿರುವುದೇ ಬಣ್ಣಕ್ಕೆ. ಮೂರು ಪಾಲು ಬ್ಯಾಡಗಿ, ಒಂದು ಪಾಲು ಗುಂಟೂರು ತರಿಯಾಗಿ ಪುಡಿ ಮಾಡಿ. ನುಣ್ಣಗಿನ ಪುಡಿ ಬೇಗ ಸೀಯುತ್ತದೆ.

25 ಗ್ರಾಂ ತರಿಗೆ 150 ಮಿಲಿ ಎಣ್ಣೆ. ತರಿಯನ್ನು ಒಣಗಿದ ಸ್ಟೀಲ್ ಪಾತ್ರೆಯಲ್ಲಿ ಇಡಿ. ಎಣ್ಣೆ ಕಾಯಿಸಿ ಒಲೆ ಆರಿಸಿ. ಈಗ ಎಣ್ಣೆಯ ಹದ ನೋಡಬೇಕು. ಒಂದು ತರಿ ಎಣ್ಣೆಗೆ ಹಾಕಿ. ಸುಮ್ನೆ ಮುಳುಗಿ ಕೂತರೆ ಎಣ್ಣೆ ತಣ್ಣಗಿದೆ, ಘಮ ಬರುವುದಿಲ್ಲ. ಬಿದ್ದ ತಕ್ಷಣ ಕಪ್ಪಾದರೆ ಜಾಸ್ತಿ ಕಾದಿದೆ, ಎರಡು ನಿಮಿಷ ಬಿಟ್ಟು ಇನ್ನೊಂದು ಹಾಕಿ. ಸುತ್ತ ಸಣ್ಣ ಗುಳ್ಳೆ ಎದ್ದು, ತೇಲಿ, ಕೆಂಪಾಗಿಯೇ ಉಳಿದರೆ ಅದೇ ಹದ. ಒಮ್ಮೆಗೇ ಸುರಿಯಬೇಡಿ, ಮೂರು ಸಲವಾಗಿ, ನಡುವೆ ಕದಡುತ್ತಾ ಸುರಿಯಿರಿ. ಮೊದಲನೆಯದಕ್ಕೆ ಘಮ ಏಳುತ್ತದೆ, ಆಮೇಲಿನ ಸ್ವಲ್ಪ ಆರಿದ ಎಣ್ಣೆಗೆ ಬಣ್ಣ ಇಳಿಯುತ್ತದೆ. ಒಂದು ರಾತ್ರಿ ಬಿಟ್ಟರೆ ಮಾರನೆಯ ದಿನ ಇನ್ನೂ ಕೆಂಪು.

ಮಕ್ಕಳನ್ನು ಅಡುಗೆಮನೆಯಿಂದ ಆಚೆ ಕಳಿಸಿ ಈ ಕೆಲಸ ಮಾಡಿ. ಕಿಟಕಿ ತೆರೆದಿರಲಿ, ಘಾಟು ಎದ್ದರೆ ಉಸಿರು ಕಟ್ಟುತ್ತದೆ, ಆಸ್ತಮಾ ಇರುವವರಿಗೆ ಇನ್ನೂ ಕಷ್ಟ. ತರಿಯಲ್ಲಾಗಲಿ ಪಾತ್ರೆಯಲ್ಲಾಗಲಿ ನೀರಿನ ಪಸೆ ಇರಬಾರದು, ಎಣ್ಣೆ ಸಿಡಿಯುತ್ತದೆ. ಎಣ್ಣೆಗೆ ಬೆಂಕಿ ಹತ್ತಿದರೆ ನೀರು ಹಾಕಲೇಬೇಡಿ, ಬಾಣಲೆ ಎತ್ತಿಕೊಂಡು ಓಡಲೂಬೇಡಿ. ಗ್ಯಾಸ್ ಆರಿಸಿ, ದೊಡ್ಡ ಮುಚ್ಚಳ ಅಥವಾ ತಟ್ಟೆ ಮುಚ್ಚಿ, ಪೂರ್ತಿ ಆರುವವರೆಗೆ ತೆಗೆಯಬೇಡಿ. ಬೆಂಕಿ ದೊಡ್ಡದಾಗಿದ್ದರೆ ಹೊರಗೆ ಬಂದು 112ಕ್ಕೆ ಫೋನ್ ಮಾಡಿ. ಕೈ ಸುಟ್ಟರೆ ನಲ್ಲಿ ನೀರಿನ ಕೆಳಗೆ 20 ನಿಮಿಷ ಹಿಡಿಯಿರಿ. ಟೂತ್‌ಪೇಸ್ಟ್, ಅರಿಶಿನ ಬಳಿಯಬೇಡಿ. ಮುಖ ಸುಟ್ಟಿದ್ದರೆ ಅಥವಾ ಅಂಗೈಗಿಂತ ದೊಡ್ಡ ಜಾಗ ಸುಟ್ಟಿದ್ದರೆ ಡಾಕ್ಟರ್ ಹತ್ತಿರ ಹೋಗಿ.

ಖಾರ ಇದೆ, ಜುಮ್ ಇಲ್ಲ

ಸಿಚುವಾನ್‌ನಲ್ಲಿ ಇದನ್ನು ಮಾ ಲಾ ಅನ್ನುತ್ತಾರೆ, ಮಾ ಅಂದರೆ ಜೋಮು, ಲಾ ಅಂದರೆ ಖಾರ. ಜೋಮು ಬರುವುದು ಸಿಚುವಾನ್ ಮೆಣಸಿನ ಸಿಪ್ಪೆಯ ಸ್ಯಾನ್‌ಶೂಲ್ ಅನ್ನುವ ಅಂಶದಿಂದ. ಲಂಡನ್‌ನ ಸಂಶೋಧಕರು 2013ರಲ್ಲಿ ಇದನ್ನು ಜನರ ತುಟಿಗೆ ಹಚ್ಚಿ ಅಳೆದರು. ಸೆಕೆಂಡಿಗೆ ಸುಮಾರು 50 ಸಲ ಅದುರಿದ ಹಾಗೆ ತುಟಿಗೆ ಅನ್ನಿಸುತ್ತದೆ ಅಂತ ಗೊತ್ತಾಯಿತು.

ಒಂದು ಕಾಯಿ ಸಿಪ್ಪೆಯನ್ನು ಮುಂದಿನ ಹಲ್ಲಲ್ಲಿ ಕಚ್ಚಿ, ಅರ್ಧ ನಿಮಿಷ ಕಾಯಿರಿ. ಏನೂ ಆಗದಿದ್ದರೆ ಹಳೆಯದು, ಬೇರೆ ತನ್ನಿ. ಜುಮ್ ಅಂದರೆ ಮಾಲು ಸರಿ ಇದೆ, ಹಾಕಿದ ರೀತಿ ತಪ್ಪು. ಒಳಗಿನ ಕರಿ ಬೀಜ ತೆಗೆದಿದ್ದೀರಾ? ಅದು ಹಲ್ಲಿಗೆ ಮರಳಿನ ಹಾಗೆ ಸಿಗುತ್ತದೆ, ರುಚಿ ಏನೂ ಇಲ್ಲ. ಬರೀ ಸಿಪ್ಪೆಯನ್ನು ಸಣ್ಣ ಉರಿಯಲ್ಲಿ ಒಂದು ನಿಮಿಷ ಬೆಚ್ಚಗೆ ಮಾಡಿ, ಕುಟ್ಟಿ, ಕೊನೆಯಲ್ಲಿ ಹಾಕಿ.

ಕರಾವಳಿ, ಮಲೆನಾಡಿನವರ ಡಬ್ಬಿಯಲ್ಲಿ ಇದರ ದಾಯಾದಿ ಇದೆ: ಜುಮ್ಮನಕಾಯಿ, ಕೊಂಕಣಿಯವರ ತೆಪ್ಪಲ್. ಬಂಗುಡೆ ಸಾರಿಗೆ ಹಾಕುತ್ತಾರಲ್ಲ, ಅದೇ. ಎರಡೂ ಒಂದೇ ಕುಲದ ಗಿಡಗಳು. ಘಮ ಪೂರ್ತಿ ಒಂದೇ ಅಲ್ಲ, ಆದರೆ ಜುಮ್ ಬರುತ್ತದೆ. ಇದನ್ನು ಮೊದಲು ಹಾಕಿ ತಿಂದಾಗ ನನಗೆ ಆದ ಖುಷಿ ಹೇಳತೀರದು, ಅಷ್ಟು ದೂರದ ರುಚಿ ನಮ್ಮ ಡಬ್ಬಿಯಲ್ಲೇ ಇತ್ತು. ಬೀಜ ಇದರದ್ದೂ ತೆಗೆಯಬೇಕು.

ಮನೆಯಲ್ಲಿ ರುಬ್ಬಿದ ಪೇಸ್ಟ್ ಪುಡಿಯಾಗಿಯೇ ಇದೆ, ಅಥವಾ ಮಿಕ್ಸಿ ನಿಂತಿತು

ನೀರು ಹಾಕಿ ರುಬ್ಬಬೇಡಿ. ಚಟ್ನಿ ರುಬ್ಬಿದ ಕೈ, ತಾನಾಗಿಯೇ ನೀರಿನ ಲೋಟಕ್ಕೆ ಹೋಗುತ್ತದೆ. ಹಾಕಿದರೆ ಪೇಸ್ಟ್ ಆಗುವುದೇ ಇಲ್ಲ. ಬರೀ ಹುರಿದ ಶೇಂಗಾ, ಇನ್ನೂ ಬೆಚ್ಚಗಿರುವಾಗ ಸಣ್ಣ ಜಾರ್‌ಗೆ. ಮೊದಲು ಪುಡಿ, ಆಮೇಲೆ ಉಂಡೆ, ಆಮೇಲೆ ಎಣ್ಣೆ ಬಿಟ್ಟು ಹರಿಯುವ ಪೇಸ್ಟ್. ಉಂಡೆಯ ಹಂತದಲ್ಲಿ ಆಗುವುದಿಲ್ಲ ಅಂತ ನಿಲ್ಲಿಸುವವರೇ ಜಾಸ್ತಿ. ಅರ್ಧ ನಿಮಿಷ ಓಡಿಸಿ, ಅರ್ಧ ನಿಮಿಷ ಬಿಟ್ಟು, ಗೋಡೆಗೆ ಅಂಟಿದ್ದನ್ನು ಕೆರೆದು ಮತ್ತೆ ಓಡಿಸಿ. ತೀರಾ ಒಣ ಅನ್ನಿಸಿದರೆ ಒಂದು ಚಮಚ ಶೇಂಗಾ ಎಣ್ಣೆ.

ಮಿಕ್ಸಿ ನಡುವೆ ನಿಂತರೆ ಗಾಬರಿ ಬೇಡ. ಮೋಟಾರು ಬಿಸಿಯಾದಾಗ ತಾನೇ ನಿಲ್ಲುವ ಸ್ವಿಚ್ ಇರುತ್ತದೆ. ಪ್ಲಗ್ ಕೀಳಿ, 20 ನಿಮಿಷ ಆರಲು ಬಿಡಿ, ಅರ್ಧದಷ್ಟು ಶೇಂಗಾ ತೆಗೆಯಿರಿ, ತಳದಲ್ಲಿರುವ ಸಣ್ಣ ಬಟನ್ ಒತ್ತಿ ಮತ್ತೆ ಹಾಕಿ. ಸುಟ್ಟ ವಾಸನೆ ಹೋಗದಿದ್ದರೆ, ಹೊಗೆ ಬಂದಿದ್ದರೆ ಅಥವಾ ಮುಟ್ಟಿದಾಗ ಶಾಕ್ ಹೊಡೆದರೆ ಅಲ್ಲಿಗೆ ಬಿಡಿ. ರಿಪೇರಿ ಅಂಗಡಿಗೆ ಕೊಡಿ, ನೀವು ಬಿಚ್ಚಬೇಡಿ.

ಕಮಟು ವಾಸನೆ, ಬೂಷ್ಟು, ಕಹಿ ಬೀಜ: ಇಲ್ಲಿ ನಿಲ್ಲಿಸಿ

ಹಳೆ ಎಣ್ಣೆಯ ಹಾಗೆ, ಬಣ್ಣದ ಡಬ್ಬಿಯ ಹಾಗೆ ವಾಸನೆ ಬಂದರೆ ಶೇಂಗಾ ಕಮಟಾಗಿದೆ. ಹುರಿದರೂ ಹೋಗುವುದಿಲ್ಲ. ಅದಕ್ಕಿಂತ ದೊಡ್ಡ ಎಚ್ಚರ ಬೂಷ್ಟಿನದು. ಸುಕ್ಕಾದ, ಬಣ್ಣ ಕೆಟ್ಟ, ಹಸಿರು ಅಥವಾ ಕಪ್ಪು ಪುಡಿ ಹಿಡಿದ ಬೀಜದಲ್ಲಿ ಅಫ್ಲಾಟಾಕ್ಸಿನ್ ಅನ್ನುವ ವಿಷ ಇರಬಹುದು. ಅದು ಲಿವರ್‌ಗೆ ಹಾನಿ ಮಾಡುತ್ತದೆ, ಹುರಿದರೆ ಪೂರ್ತಿ ಹೋಗುವುದಿಲ್ಲ. ಕೆಟ್ಟ ನಾಲ್ಕು ಬೀಜ ಆರಿಸಿ ಉಳಿದದ್ದು ಬಳಸೋಣ ಅನ್ನುವ ಆಸೆ ಬೇಡ. ಒಂದು ಕೆಜಿ ಶೇಂಗಾ ಚೆಲ್ಲುವಾಗ ಹೊಟ್ಟೆ ಉರಿಯುತ್ತದೆ, ನನಗೂ ಗೊತ್ತು. ಆದರೂ ಚೆಲ್ಲಿ. ಮಳೆಗಾಲದಲ್ಲಿ ಗಾಳಿಯಾಡದ ಡಬ್ಬಿಯಲ್ಲಿ, ಕಮ್ಮಿ ಕಮ್ಮಿ ತಂದು ಇಡಿ.

ತಿಂದ ಮೇಲೆ ತುಟಿ ಊದಿದೆ, ಗಂಟಲು ಬಿಗಿದಿದೆ

ಜುಮ್ ಅನ್ನುವುದು ಹತ್ತಿಪ್ಪತ್ತು ನಿಮಿಷದಲ್ಲಿ ಇಳಿಯುತ್ತದೆ, ಬಾಯಿ ತುಟಿ ಬಿಟ್ಟು ಆಚೆ ಹೋಗುವುದಿಲ್ಲ. ತುಟಿ, ಕಣ್ಣು, ನಾಲಿಗೆ ಊದಿದರೆ, ಮೈಮೇಲೆ ದದ್ದು ಎದ್ದರೆ, ವಾಂತಿ, ಉಬ್ಬಸ, ತಲೆಸುತ್ತು ಬಂದರೆ ಅದು ಅಲರ್ಜಿ. ಶೇಂಗಾ ಅಲರ್ಜಿ ನಿಮಿಷಗಳಲ್ಲಿ ಪ್ರಾಣಕ್ಕೆ ಬರಬಹುದು. ಉಸಿರಾಟಕ್ಕೆ ತೊಂದರೆ ಇದ್ದರೆ ಸ್ವಲ್ಪ ಹೊತ್ತು ನೋಡೋಣ ಅನ್ನಬೇಡಿ, ತಕ್ಷಣ 108ಕ್ಕೆ ಫೋನ್ ಮಾಡಿ. ಅಲರ್ಜಿ ಆದವರ ಹತ್ತಿರವೇ ಅಡ್ರಿನಲಿನ್ ಇಂಜೆಕ್ಷನ್ ಇದ್ದರೆ ಅದನ್ನು ಮೊದಲು ಕೊಡಿ. ಅತಿಥಿಗಳಿಗೆ ಮಾಡುವಾಗ ಶೇಂಗಾ, ಎಳ್ಳು, ಸೋಯಾ, ಗೋಧಿ ಇದೆ ಅಂತ ಬಡಿಸುವ ಮುಂಚೆ ಹೇಳಿ. ಐದು ವರ್ಷದೊಳಗಿನ ಮಕ್ಕಳ ಬಟ್ಟಲಿಗೆ ಇಡೀ ಬೀಜ ಅಥವಾ ದಪ್ಪ ಚೂರು ಉದುರಿಸಬೇಡಿ, ಗಂಟಲಿಗೆ ಸಿಕ್ಕಿಕೊಳ್ಳುತ್ತದೆ.

ಉಳಿದದ್ದು ಮಾರನೆಯ ದಿನ ಇಟ್ಟಿಗೆಯ ಹಾಗಾಗಿದೆ

ರಾತ್ರಿಯೆಲ್ಲಾ ಕಟ್ಟೆಯ ಮೇಲೆ ಇದ್ದದ್ದಾ? ಹಾಗಿದ್ದರೆ ಚೆಲ್ಲಿ. ಬೆಂದ ನೂಡಲ್ಸ್, ಅನ್ನ ಹೊರಗೆ ಬಿಟ್ಟರೆ ಅದರಲ್ಲಿ ಬೆಳೆಯುವ ಬ್ಯಾಕ್ಟೀರಿಯಾದ ವಿಷ ಮತ್ತೆ ಬಿಸಿ ಮಾಡಿದರೂ ಹೋಗುವುದಿಲ್ಲ. ಎರಡು ಗಂಟೆಯೊಳಗೆ ಫ್ರಿಜ್ ಸೇರಿದ್ದರೆ ಸರಿ, ಮೂರು ನಾಲ್ಕು ಚಮಚ ಬಿಸಿ ನೀರು ಚಿಮುಕಿಸಿ, ಎರಡು ನಿಮಿಷ ಮುಚ್ಚಿಟ್ಟು, ಆಮೇಲೆ ಬಿಡಿಸಿ. ಒಣಗಿರುವಾಗಲೇ ಮುಳ್ಳು ಚಮಚ ಹಾಕಿದರೆ ಎಳೆಗಳು ತುಂಡಾಗುತ್ತವೆ.

ಹಸಿ ಬೆಳ್ಳುಳ್ಳಿ ಇರುವ ಖಾರದೆಣ್ಣೆಯನ್ನು ಹೊರಗೆ ಇಡಲೇಬಾರದು. ಎಣ್ಣೆಯೊಳಗೆ ಗಾಳಿ ಸಿಗದೆ ಬಾಟುಲಿಸಂ ಅನ್ನುವ ಕಾಯಿಲೆಯ ಬ್ಯಾಕ್ಟೀರಿಯಾ ಬೆಳೆಯಬಹುದು, ಅದಕ್ಕೆ ವಾಸನೆಯೂ ಇರುವುದಿಲ್ಲ, ಬಣ್ಣವೂ ಬದಲಾಗುವುದಿಲ್ಲ. ಫ್ರಿಜ್‌ನಲ್ಲಿಟ್ಟು ನಾಲ್ಕು ದಿನದಲ್ಲಿ ಮುಗಿಸಿ. ನಾನು ಖಾರದೆಣ್ಣೆಯನ್ನು ಬರೀ ಮೆಣಸಿನಕಾಯಿಯಲ್ಲೇ ಮಾಡಿಡುತ್ತೇನೆ, ಬೆಳ್ಳುಳ್ಳಿಯನ್ನು ಕಲಸುವ ಹೊತ್ತಿಗೆ ಬಟ್ಟಲಿಗೇ ಜಜ್ಜಿ ಹಾಕುತ್ತೇನೆ.